ಹಿಮ ಬಿದ್ದ ರಸ್ತೆಗೆ ಸ್ಪೋರ್ಟ್ಸ್ ಕಾರು ಇಳಿಸಬಹುದಾ?

[ದೃಶ್ಯ: ಮ್ಯೂನಿಕ್‌ನ ಒಂದು ಬಡಾವಣೆ, ಬೆಳಗಿನ ಹೊತ್ತು. ಬೀದಿಬದಿಯಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ ಪುಟ್ಟ ಕಾರು.]

ಎಲ್ಲರಿಗೂ ನಮಸ್ಕಾರ. ದಕ್ಷಿಣ ಜರ್ಮನಿಯಲ್ಲಿ ನವೆಂಬರ್ ಬಂತು ಅಂದ್ರೆ ಸ್ಪೋರ್ಟ್ಸ್ ಕಾರುಗಳು ಒಂದೊಂದಾಗಿ ರಸ್ತೆಯಿಂದ ಕಾಣೆಯಾಗ್ತಾವೆ. ಇಲ್ಲಿ ಕೆಲವು ಕಾರುಗಳ ನಂಬರ್ ಪ್ಲೇಟ್ ಗಮನಿಸಿ ನೋಡಿ. ಬಲತುದಿಯಲ್ಲಿ ಒಂದರ ಕೆಳಗೊಂದು 04, 10 ಅಂತ ಸಣ್ಣ ಅಂಕಿ ಇರುತ್ತೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಈ ಕಾರು ರಸ್ತೆಗೆ ಬರಬಹುದು ಅಂತ ಅದರರ್ಥ. ತೆರಿಗೆ, ವಿಮೆ ಎರಡೂ ಆ ತಿಂಗಳುಗಳಿಗಷ್ಟೇ. ನಿಮ್ಮ ಕಾರಿಗೆ ಅಂಥ ಪ್ಲೇಟ್ ಇದ್ರೆ ಚಳಿಗಾಲದಲ್ಲಿ ಅದನ್ನ ಹೊರಗೆ ತೆಗೆಯೋ ಹಾಗೇ ಇಲ್ಲ.

ಆದರೆ ವರ್ಷಪೂರ್ತಿ ಪ್ಲೇಟ್ ಇದ್ದವರೂ ಕಾರನ್ನ ಗ್ಯಾರೇಜಿಗೆ ಹಾಕಿಬಿಡ್ತಾರೆ. ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಕೆಲಸಕ್ಕೆ ಬಂದಿರೋ ನಮ್ಮ ಕನ್ನಡದವರು ಎಷ್ಟೋ ಜನ ಆಸೆಪಟ್ಟು ಎರಡು ಸೀಟಿನ, ಬಟ್ಟೆ ಚಾವಣಿಯ ಪುಟ್ಟ ಸ್ಪೋರ್ಟ್ಸ್ ಕಾರು ಮಾಜ್ದಾ ಎಂಎಕ್ಸ್-5 ಸೆಕೆಂಡ್ ಹ್ಯಾಂಡ್ ತಗೊಳ್ತಾರೆ. ಮೊದಲ ಹಿಮ ಬಿದ್ದ ದಿನ, "ಇದು ಹಿಂದಿನ ಚಕ್ರದಿಂದ ಓಡೋ ಗಾಡಿ, ಹಿಮದಲ್ಲಿ ಆಗಲ್ಲ" ಅಂತ ಯಾರೋ ಹೆದರಿಸ್ತಾರೆ. ನಾನು ಒಪ್ಪಲ್ಲ. ಸರಿಯಾದ ಟೈರ್ ಹಾಕಿದ್ರೆ ಎಂಎಕ್ಸ್-5 ಇರಲಿ, ಪೋರ್ಶೆ 911 ಇರಲಿ, ಚಳಿಗಾಲ ಪೂರ್ತಿ ಓಡಿಸಬಹುದು. ಯಾಕೆ ಅಂತ ಬಿಡಿಸಿ ಹೇಳ್ತೀನಿ.

[ದೃಶ್ಯ: ಕಪ್ಪು ಹಲಗೆ. ಮೂರು ಗೆರೆ, ಒಂದಕ್ಕಿಂತ ಒಂದು ಉದ್ದ.]

ಮೊದಲು ಹಿಡಿತದ ಲೆಕ್ಕ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣೆ ಗುಣಾಂಕ, ಅಂದ್ರೆ ಹಿಡಿತದ ಅಳತೆ, ಹತ್ತಿರಹತ್ತಿರ 0.8 ಅಂತಿಟ್ಟುಕೊಳ್ಳಿ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಅದು 0.25ರ ಆಸುಪಾಸು. ಬರೀ ಮಂಜುಗಡ್ಡೆ ಆದ್ರೆ 0.1ಕ್ಕೆ ಇಳಿಯುತ್ತೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದ್ರೆ ಒಣ ರಸ್ತೆಯಲ್ಲಿ ಸುಮಾರು 12 ಮೀಟರಿಗೆ ನಿಲ್ತೀರಿ. ಹಿಮದಲ್ಲಿ 39 ಮೀಟರ್ ಬೇಕು. ಮಂಜುಗಡ್ಡೆ ಮೇಲೆ 98 ಮೀಟರ್. ಇದರಲ್ಲಿ ನೀವು ಅಪಾಯ ಕಂಡು ಪೆಡಲ್ಲಿಗೆ ಕಾಲಿಡೋ ಹೊತ್ತು ಸೇರಿಲ್ಲ. ಬೆಂಗಳೂರಲ್ಲಿ ಬೇಸಿಗೆಯ ಮೊದಲ ಮಳೆ ಹನಿದಾಗ ರಸ್ತೆ ಮೇಲಿನ ಎಣ್ಣೆ, ಧೂಳು ಕಲಸಿ ಸ್ಕೂಟರ್ ಜಾರುತ್ತಲ್ಲ, ಹಿಮದ ರಸ್ತೆ ಅದಕ್ಕಿಂತಲೂ ಕೆಟ್ಟದು, ಮತ್ತೆ ಚಳಿಗಾಲದುದ್ದಕ್ಕೂ ಆಗಾಗ ಎದುರಾಗುತ್ತೆ.

ಈ ಲೆಕ್ಕದಲ್ಲಿ ಎಂಜಿನ್ನು ಎಷ್ಟು ಕುದುರೆಶಕ್ತಿಯದು ಅನ್ನೋದು ಎಲ್ಲೂ ಬರಲಿಲ್ಲ, ಯಾವ ಚಕ್ರಕ್ಕೆ ಶಕ್ತಿ ಹೋಗುತ್ತೆ ಅನ್ನೋದೂ ಬರಲಿಲ್ಲ. ಕಾರು ನಿಲ್ಲೋದು, ತಿರುಗೋದು ಎರಡೂ ನಾಲ್ಕು ಟೈರು ನೆಲಕ್ಕೆ ತಾಗಿರೋ ಅಂಗೈಯಗಲದ ಜಾಗದಿಂದ.

[ದೃಶ್ಯ: ಬೇಸಿಗೆ ಟೈರ್, ವಿಂಟರ್ ಟೈರ್ ಪಕ್ಕಪಕ್ಕ. ಕ್ಯಾಮೆರಾ ಹತ್ತಿರಕ್ಕೆ.]

ಸ್ಪೋರ್ಟ್ಸ್ ಕಾರಿನ ಜೊತೆ ಶೋರೂಮಿನಿಂದ ಬರೋದು ಸಾಮಾನ್ಯವಾಗಿ ಬೇಸಿಗೆ ಟೈರ್. ಅದರ ರಬ್ಬರು ಬಿಸಿ ರಸ್ತೆಗೆ ಅಂತಲೇ ಮಾಡಿದ್ದು. ತಾಪಮಾನ 7 ಡಿಗ್ರಿಗಿಂತ ಕೆಳಗೆ ಹೋದಂತೆ ಅದು ಗಡುಸಾಗ್ತಾ ಹೋಗುತ್ತೆ, ರಸ್ತೆಯ ತರಿತರಿಯೊಳಗೆ ಕೂರೋದೇ ಇಲ್ಲ. ರೇಸ್ ಟ್ರ್ಯಾಕಿಗೆ ಹತ್ತಿರದ ಟೈರುಗಳಂತೂ ಕಡುಚಳಿಯಲ್ಲಿ ಕಾರು ಅಲುಗಿಸಿದ್ರೇ ಬಿರುಕು ಬಿಡಬಹುದು. ಹಾಗಾಗಿ ಹಿಮ ಬೀಳದೇ ಇದ್ರೂ, ಜನವರಿಯ ಒಣ ಬೆಳಗಿನಲ್ಲೂ ಬೇಸಿಗೆ ಟೈರ್ ನಂಬಬೇಡಿ.

ವಿಂಟರ್ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗಿರುತ್ತೆ. ಬೆರಳಿಂದ ಒತ್ತಿ ನೋಡಿದ್ರೂ ವ್ಯತ್ಯಾಸ ಗೊತ್ತಾಗುತ್ತೆ. ಅದರ ಪ್ರತಿಯೊಂದು ರಬ್ಬರ್ ಬಿಲ್ಲೆಯ ಮೇಲೂ ಕೂದಲೆಳೆಯಷ್ಟು ಸಣ್ಣ ಸೀಳುಗಳಿರುತ್ವೆ. ಟೈರು ಉರುಳುವಾಗ ಆ ಸೀಳು ಬಾಯಿಬಿಟ್ಟು ಅಂಚಿನಿಂದ ಹಿಮವನ್ನ ಕಚ್ಚಿಕೊಳ್ಳುತ್ತೆ. ದೊಡ್ಡ ಗೆರೆಗಳಲ್ಲಿ ಹಿಮ ತುಂಬಿಕೊಳ್ಳೋದು ಕೂಡ ಒಳ್ಳೇದೇ. ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತೆ, ಆ ಅಂಟೇ ಕಾರನ್ನ ಎಳೆಯುತ್ತೆ.

ಕೊಳ್ಳುವಾಗ ಟೈರಿನ ಪಕ್ಕದ ಗೋಡೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರೋ ಗುರುತು ಹುಡುಕಿ. ಬರೀ ಎಂ+ಎಸ್ (ಮಡ್ ಅಂಡ್ ಸ್ನೋ, ಅಂದ್ರೆ ಕೆಸರು ಮತ್ತು ಹಿಮ) ಅಕ್ಷರ ಇದ್ರೆ ಸಾಲದು. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮ, ಮಂಜುಗಡ್ಡೆ ಇರೋ ರಸ್ತೆಗೆ ಬೆಟ್ಟದ ಗುರುತಿರೋ ಟೈರೇ ಕಡ್ಡಾಯ. ಸಿಕ್ಕಿಬಿದ್ರೆ 60 ಯೂರೋ ದಂಡ, ಲೈಸೆನ್ಸಿನ ಖಾತೆಗೆ ಒಂದು ಪಾಯಿಂಟ್. ಗಡಿ ದಾಟಿ ಆಸ್ಟ್ರಿಯಾಕ್ಕೆ ಸ್ಕೀಯಿಂಗಿಗೆ ಹೋಗೋರು ಇನ್ನೊಂದು ನೆನಪಿಡಿ, ಅಲ್ಲಿ ವಿಂಟರ್ ಟೈರಿನ ಗೆರೆ ಕನಿಷ್ಠ 4 ಮಿಲಿಮೀಟರ್ ಆಳ ಇರಲೇಬೇಕು.

ಅಗಲದ ವಿಚಾರದಲ್ಲಿ ನಮ್ಮ ಆಸೆಗೆ ಸ್ವಲ್ಪ ಕಡಿವಾಣ ಹಾಕಬೇಕು. ನೋಡೋಕೆ ಅಗಲ ಟೈರು ಚೆಂದ, ಆದರೆ ಹಸಿ ಹಿಮದಲ್ಲಿ ಅದು ತೇಲುತ್ತೆ. ಕಿರಿದಾದ ಟೈರು ಅಷ್ಟೇ ತೂಕವನ್ನ ಕಮ್ಮಿ ಜಾಗದ ಮೇಲೆ ಹೇರಿ ಹಿಮ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತೆ. ಈಗಿನ ಎಂಎಕ್ಸ್-5ಗೆ 17 ಇಂಚಿನ ಚಕ್ರಕ್ಕೆ 205 ಮಿಲಿಮೀಟರ್ ಅಗಲದ ಟೈರ್ ಇದ್ರೆ, ಚಳಿಗಾಲಕ್ಕೆ 16 ಇಂಚಿನ 195ರ ಒಂದು ಸೆಟ್ ಬೇರೆ ಚಕ್ರದ ಸಮೇತ ತಗೊಳ್ಳಿ. ಟೈರೂ ಅಗ್ಗ, ನಿಮ್ಮ ಒಳ್ಳೆ ಅಲಾಯ್ ಉಪ್ಪಿನಿಂದಲೂ ಬಚಾವ್. ಗಾಳಿ ನೋಡೋದು ಮರೀಬೇಡಿ. ತಾಪಮಾನ 10 ಡಿಗ್ರಿ ಇಳಿದ್ರೆ ಸುಮಾರು 0.1 ಬಾರ್ ಒತ್ತಡ ಇಳಿಯುತ್ತೆ.

[ದೃಶ್ಯ: ಆಲ್ಪ್ಸ್ ಬೆಟ್ಟದ ಹೇರ್‌ಪಿನ್ ತಿರುವು, ಎರಡೂ ಬದಿ ಹಿಮದ ಗೋಡೆ.]

"ಹಾಗಾದ್ರೆ ಫೋರ್ ವೀಲ್ ಡ್ರೈವ್ ಬೇಡವಾ?" ಅಂತ ಕೇಳ್ತೀರಿ. ಇದ್ರೆ ಒಳ್ಳೇದು, ಏರಿನಲ್ಲಿ ಹೊರಡೋಕೆ ಅದಕ್ಕಿಂತ ಸಹಾಯ ಬೇರೆ ಇಲ್ಲ. ಆದರೆ ನಿಲ್ಲೋವಾಗ ಎಲ್ಲ ಕಾರಿಗೂ ನಾಲ್ಕು ಚಕ್ರದಲ್ಲೂ ಬ್ರೇಕ್ ಇರುತ್ತೆ, ಅಲ್ಲಿ ಅದರಿಂದ ಲಾಭ ಇಲ್ಲ. ಬೇಸಿಗೆ ಟೈರ್ ಹಾಕಿದ ಫೋರ್ ವೀಲ್ ಡ್ರೈವ್ ಕಾರು ಸಲೀಸಾಗಿ ವೇಗ ಹಿಡಿಯುತ್ತೆ, ಆಮೇಲೆ ನಿಲ್ಲಲ್ಲ. ಅಂಥ ಕಾರಿಗಿಂತ ವಿಂಟರ್ ಟೈರ್ ಹಾಕಿದ ಎಂಎಕ್ಸ್-5ರಲ್ಲಿ ಕೂರೋಕೆ ನನಗೆ ಧೈರ್ಯ ಜಾಸ್ತಿ.

ಇದಕ್ಕೆ ಚರಿತ್ರೆಯ ಸಾಕ್ಷಿ ಇದೆ. ಜನವರಿ ತಿಂಗಳಲ್ಲಿ ಆಲ್ಪ್ಸ್ ಬೆಟ್ಟಗಳಲ್ಲಿ ನಡೆಯೋ ಮಾಂಟೆ ಕಾರ್ಲೊ ರ‍್ಯಾಲಿಯನ್ನ 1968ರಲ್ಲಿ ವಿಕ್ ಎಲ್ಫರ್ಡ್ ಗೆದ್ದರು, 1969 ಮತ್ತು 1970ರಲ್ಲಿ ಬ್ಯೋರ್ನ್ ವಾಲ್ಡೆಗೋರ್ಡ್ ಗೆದ್ದರು. ಮೂರೂ ಸಲ ಕಾರು ಪೋರ್ಶೆ 911, ಹಿಂದಿನ ಚಕ್ರದ್ದು. 1980ರಲ್ಲಿ ಫೋರ್ ವೀಲ್ ಡ್ರೈವ್‌ನ ಆಡಿ ಕ್ವಾಟ್ರೊ ಬಂದು ರ‍್ಯಾಲಿ ಜಗತ್ತನ್ನೇ ತಲೆಕೆಳಗು ಮಾಡ್ತು, ನಿಜ. ಆದರೂ 1983ರ ಮಾಂಟೆ ಕಾರ್ಲೊದಲ್ಲಿ ವಾಲ್ಟರ್ ರೋಲ್ ಓಡಿಸಿದ ಲಾನ್ಸಿಯಾ 037, ಅದೂ ಹಿಂದಿನ ಚಕ್ರದ್ದೇ, ಕ್ವಾಟ್ರೊಗಳನ್ನ ಹಿಂದೆ ಹಾಕ್ತು. ಆ ವರ್ಷ ಹಿಮ ಕಮ್ಮಿ ಇತ್ತು. ಜೊತೆಗೆ ಲಾನ್ಸಿಯಾದವರು ಹಿಮದ ಭಾಗ ಮುಗಿದ ಕಡೆ, ಗಡಿಯಾರ ಓಡ್ತಿರುವಾಗಲೇ ಕಾರು ನಿಲ್ಲಿಸಿ ಮೊಳೆ ಟೈರ್ ಬಿಚ್ಚಿ ಒಣ ರಸ್ತೆಯ ಟೈರ್ ಹಾಕಿದ್ರು. ನೆಲಕ್ಕೆ ತಕ್ಕ ಟೈರಿಗೆ ಆ ತಂಡ ಎಷ್ಟು ಬೆಲೆ ಕೊಟ್ಟಿತ್ತು ನೋಡಿ.

911ಗೆ ಇನ್ನೊಂದು ಅನುಕೂಲ ಇದೆ. ಎಂಜಿನ್ ಹಿಂದೆ ಇರೋದ್ರಿಂದ ಒಟ್ಟು ತೂಕದ ಶೇಕಡಾ 60ರಷ್ಟು ಹಿಂದಿನ ಚಕ್ರದ ಮೇಲೆ ಕೂತಿರುತ್ತೆ. ಏರು ಹತ್ತುವಾಗ ತೂಕ ಇನ್ನೂ ಹಿಂದಕ್ಕೆ ವಾಲುತ್ತೆ. ಮುಂದಿನ ಚಕ್ರದಿಂದ ಓಡೋ ಕಾರುಗಳು ಚಕ್ರ ಸುತ್ತಿಸ್ತಾ ನಿಂತ ಕಡೆ 911 ಮೇಲೆ ಹತ್ತಿ ಹೋಗುತ್ತೆ. ಎಂಎಕ್ಸ್-5ರಲ್ಲಿ ತೂಕ ಹಿಂದೆ ಮುಂದೆ ಹೆಚ್ಚುಕಮ್ಮಿ ಸಮ, ಹಾಗಾಗಿ ಏರಿನಲ್ಲಿ ಅದಕ್ಕೆ ಅಷ್ಟು ಬಲ ಇಲ್ಲ. ಇಳಿಜಾರಿನಲ್ಲಿ ಮಾತ್ರ ಇಬ್ಬರಿಗೂ ಜಾಗ್ರತೆ ಬೇಕು.

[ದೃಶ್ಯ: ಕಾರಿನ ಒಳಗೆ. ಕಾಲು, ಪೆಡಲ್, ಗೇರ್.]

ಈಗ ಓಡಿಸೋದು ಹೇಗೆ. ಹೊರಡುವಾಗ ಎರಡನೇ ಗೇರ್, ಕ್ಲಚ್ ನಿಧಾನಕ್ಕೆ. ತಿರುವಿಗೆ ಮುಂಚೆ, ಕಾರು ನೇರ ಇರುವಾಗಲೇ ವೇಗ ಇಳಿಸಿ ಮುಗಿಸಿ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್‌ನಿಂದ ದಿಢೀರ್ ಅಂತ ಕಾಲು ತೆಗೆದ್ರೆ ತೂಕ ಮುಂದಕ್ಕೆ ಬೀಳುತ್ತೆ, ಹಿಂಭಾಗ ಹಗುರಾಗಿ ಹೊರಕ್ಕೆ ಬೀಸುತ್ತೆ. 911ರಲ್ಲಿ ಆ ಬೀಸು ಜೋರು. ಇಳಿಜಾರಲ್ಲಿ ಒಮ್ಮೆಲೇ ಕೆಳಗಿನ ಗೇರಿಗೆ ಹಾಕೋದೂ ಹಾಗೇ, ಎಂಜಿನ್ ಬ್ರೇಕಿನ ಪೂರ್ತಿ ಹಿಡಿತ ಹಿಂದಿನ ಎರಡು ಚಕ್ರಕ್ಕೆ ಬಿದ್ದು ಅವು ಜಾರುತ್ವೆ. ಜಾರಿತು ಅನ್ನಿ, ಕ್ಲಚ್ ಒತ್ತಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಕಣ್ಣು ನೆಟ್ಟು ಸ್ಟೇರಿಂಗ್ ಅತ್ತ ತಿರುಗಿಸಿ. ಎದುರಿನ ಕಂಬ ನೋಡಬೇಡಿ, ಕೈ ಕಣ್ಣಿನ ಹಿಂದೆ ಹೋಗುತ್ತೆ.

ಇಎಸ್‌ಪಿ ಆಫ್ ಮಾಡಲೇಬೇಡಿ. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ತಂದ ಈ ವ್ಯವಸ್ಥೆ ಕಾರು ಅಡ್ಡ ತಿರುಗ್ತಿರೋದನ್ನ ಗ್ರಹಿಸಿ, ಬೇಕಾದ ಒಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತೆ. ನಿಮ್ಮ ಕಾಲಿನಿಂದ ಅದು ಸಾಧ್ಯವೇ ಇಲ್ಲ. ಹಿಮದಲ್ಲಿ ಹೂತು ನಿಂತಾಗ ಮಾತ್ರ, ಹಿಂದೆ ಮುಂದೆ ತೂಗಿ ಹೊರಬರೋಕೆ, ಒಂದು ನಿಮಿಷ ಆಫ್ ಮಾಡಿ ಮತ್ತೆ ಆನ್ ಮಾಡಿ. ಇದನ್ನೆಲ್ಲ ರಸ್ತೆಯಲ್ಲಿ ಕಲಿಯೋ ಬದಲು ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿಯವರ ಸುರಕ್ಷತಾ ತರಬೇತಿಗೆ ಹೋಗಿ. ನೀರು ಬಿಟ್ಟ ನುಣುಪು ನೆಲದ ಮೇಲೆ ನಿಮ್ಮದೇ ಕಾರನ್ನ ಬೇಕಂತಲೇ ಜಾರಿಸಿ ಕಲಿಸ್ತಾರೆ.

ಆಗಲ್ಲ ಅನ್ನೋ ದಿನಗಳೂ ಇವೆ. ಕಾರಿನ ಹೊಟ್ಟೆಗೆ ತಾಗುವಷ್ಟು ಹಿಮ ಬಿದ್ರೆ ಯಾವ ಟೈರೂ ಕಾಪಾಡಲ್ಲ, ಕಾರು ಹಿಮದ ಮೇಲೆ ಮಲಗಿಬಿಡುತ್ತೆ. ಮಳೆ ಬಿದ್ದ ಕೂಡಲೇ ನೆಲದಲ್ಲಿ ಗಾಜಿನಂತೆ ಹೆಪ್ಪುಗಟ್ಟೋ ದಿನ ರೈಲು ಹಿಡಿಯಿರಿ.

[ದೃಶ್ಯ: ಕಾರು ಜಾಕಿನ ಮೇಲೆ. ತಳಭಾಗ, ಬಾಗಿಲ ಕೆಳಗಿನ ಪಟ್ಟಿ.]

ಈ ಕಾರುಗಳನ್ನ ಚಳಿಗಾಲದಲ್ಲಿ ನಿಜಕ್ಕೂ ಹಾಳು ಮಾಡೋದು ರಸ್ತೆಗೆ ಸುರಿಯೋ ಉಪ್ಪು. 911ರ ಲೋಹಕ್ಕೆ 1970ರ ದಶಕದ ಮಧ್ಯದಿಂದಲೇ ಸತುವಿನ ಲೇಪನ ಇದೆ. ಹಳೆಯ ಎಂಎಕ್ಸ್-5ಗೆ ಆ ಭಾಗ್ಯ ಇಲ್ಲ. ಬಾಗಿಲ ಕೆಳಗಿನ ಪಟ್ಟಿಯಲ್ಲಿ, ಹಿಂದಿನ ಚಕ್ರದ ಮುಂದೆ, ಒಳಗಿಂದಲೇ ತುಕ್ಕು ಹಿಡಿಯುತ್ತೆ. ಮೇಲಿನ ಬಟ್ಟೆ ಚಾವಣಿಯ ನೀರು ಹರಿದುಹೋಗೋ ತೂತು ಎಲೆ, ಮಣ್ಣು ಕಟ್ಟಿ ಮುಚ್ಚಿಕೊಂಡ್ರೆ ನೀರು ಆ ಪಟ್ಟಿಯೊಳಗೇ ನಿಲ್ಲುತ್ತೆ. ಅಕ್ಟೋಬರ್‌ನಲ್ಲೇ ಆ ತೂತು ಬಿಡಿಸಿ, ಒಳಗೆ ಮೇಣ ಹೊಡೆಸಿ. ಉಪ್ಪಿನ ಕೆಸರಲ್ಲಿ ಓಡಾಡಿದ ಮೇಲೆ ಆ ವಾರದಲ್ಲೇ ತಳಭಾಗಕ್ಕೆ ನೀರು ಹೊಡೆಸಿ ತೊಳೆಸಿ. ತೊಳೆಸದೆ ಬೆಚ್ಚಗಿನ ಗ್ಯಾರೇಜಲ್ಲಿ ನಿಲ್ಲಿಸಿದ್ರೆ ಹೊರಗಿನ ಚಳಿಗಿಂತ ಬೇಗ ತುಕ್ಕು ತಿನ್ನುತ್ತೆ.