ರಂಗದಲ್ಲಿ ಯಾರ ಮಾತು ನಡೆಯುತ್ತದೆ?

ಗೆಳೆಯರೆ, ನಾಟಕ ಶಿಬಿರಕ್ಕೆ ಬಂದ ಮೊದಲ ವಾರದಲ್ಲೇ ವಿಂಗ್ಸ್, ಬ್ಲಾಕಿಂಗ್, ಪ್ರಾಪರ್ಟಿ, ಕ್ಯೂ ಎಂಬ ರಂಗದ ಪದಗಳೆಲ್ಲ ನಿಮ್ಮ ಬಾಯಲ್ಲಿ ಸಲೀಸಾಗಿ ಓಡಾಡುತ್ತಿವೆ. ಅರ್ಥ ನಿಮಗೆ ಗೊತ್ತು, ಅದನ್ನು ಹೇಳಲು ನಾನು ಬೇಕಿಲ್ಲ. ನನ್ನ ಕುತೂಹಲ ಬೇರೆ. ಈ ಪದಗಳನ್ನು ಯಾರು ಆಡುತ್ತಾರೆ, ಯಾರು ಕೇಳಿ ನಡೆಯುತ್ತಾರೆ?

ಕಂಪನಿ ನಾಟಕ ನೋಡಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ಹೆಸರಾದಂಥ ಮಂಡಳಿಗಳ ಲೋಕ ಅದು. ಅಲ್ಲಿ ಸೀನು ಅಂದರೆ ಬಣ್ಣ ಬಳಿದ ಪರದೆ: ದರ್ಬಾರು, ಕಾಡು, ರಸ್ತೆ. ರಸ್ತೆಯ ಪರದೆ ಇಳಿಯಿತೆಂದರೆ ಹಾಸ್ಯದವರ ಪಾಳಿ. ಮುಂದೆ ಅವರು ಜನರನ್ನು ನಗಿಸುತ್ತಿದ್ದರೆ ಹಿಂದೆ ದರ್ಬಾರು ಸಜ್ಜಾಗುತ್ತಿರುತ್ತದೆ. ಹಾಸ್ಯ ಎಷ್ಟು ಹೊತ್ತು ನಡೆಯಬೇಕು ಅನ್ನುವುದನ್ನು ಬರೆದವನೊಬ್ಬನೇ ಅಲ್ಲ, ಸಿಂಹಾಸನದ ತೂಕವೂ ತೀರ್ಮಾನಿಸುತ್ತಿತ್ತು! ಇನ್ನು ‘ವನ್ಸ್ ಮೋರ್’ ಎಂಬ ಕೂಗು. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ, ಮತ್ತೆ ಸತ್ತ ಕಥೆಗಳನ್ನು ಹಳಬರು ಹೇಳುತ್ತಾರೆ. ಟಿಕೆಟ್ ಕೊಂಡವನೇ ಅಲ್ಲಿ ದೊರೆ.

ಯಕ್ಷಗಾನಕ್ಕೆ ಬಂದರೆ ಲೆಕ್ಕವೇ ಬೇರೆ. ಬಣ್ಣ ಹಚ್ಚುವ ಜಾಗ ಚೌಕಿ, ಕುಣಿಯುವ ಜಾಗ ರಂಗಸ್ಥಳ, ಕುಣಿಯುವವನು ವೇಷಧಾರಿ, ಅವನು ಆಡುವ ಮಾತು ‘ಅರ್ಥ’. ಪ್ರಸಂಗದ, ಅಂದರೆ ಆಡುವ ಕಥೆಯ, ಪುಸ್ತಕದಲ್ಲಿರುವುದು ಮುಖ್ಯವಾಗಿ ಪದ್ಯಗಳು. ಮಾತನ್ನು ವೇಷಧಾರಿ ಅಲ್ಲೇ ಕಟ್ಟಬೇಕು. ಬಾಯಿಪಾಠದ ಸಂಭಾಷಣೆ ಇಲ್ಲದ ಮೇಲೆ ಮುಂದಿನ ಹಾಡು ಯಾವಾಗ ಎತ್ತಬೇಕೆಂದು ಪದ್ಯ ಹಾಡುವ ಭಾಗವತರಿಗೆ ತಿಳಿಯುವುದು ಹೇಗೆ? ಅದಕ್ಕೇ ಎತ್ತುಗಡೆ. ವಾದ ಎಲ್ಲೆಲ್ಲೋ ಸುತ್ತಾಡಿದರೂ ಕೊನೆಯ ವಾಕ್ಯವನ್ನು ವೇಷಧಾರಿ ಮುಂದಿನ ಪದ್ಯದ ಹೊಸ್ತಿಲಿಗೆ ತಂದು ನಿಲ್ಲಿಸುತ್ತಾನೆ. ಭಾಗವತರು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಒಳ್ಳೆಯ ಅರ್ಥಧಾರಿಯನ್ನು ನಾನು ಗುರುತಿಸುವುದು ಅವನ ಪಾಂಡಿತ್ಯದಿಂದಲ್ಲ, ಎತ್ತುಗಡೆಯಿಂದ. ಪಾಂಡಿತ್ಯ ಬೇಕಾದಷ್ಟು ಜನರಲ್ಲಿದೆ. ನಿಲ್ಲಿಸುವುದು ಗೊತ್ತಿರುವವರು ಕಡಿಮೆ. ಮಾತು ಮಿತಿಮೀರಿದರೆ ಪದ್ಯ ಎತ್ತಿ ತಡೆಯುವ, ಬೆಳಗು ಹತ್ತಿರವಾದರೆ ಪದ್ಯಗಳನ್ನೇ ಬಿಟ್ಟು ಕಥೆಯನ್ನು ಮುಂದೋಡಿಸುವ ಅಧಿಕಾರ ಭಾಗವತರದು. ಆಟವನ್ನು ನಡೆಸುವವರು ಅವರು, ಅದೂ ಜನರ ಕಣ್ಣೆದುರೇ ಕೂತು.

1971ರಲ್ಲಿ ಗಿರೀಶ ಕಾರ್ನಾಡರ ‘ಹಯವದನ’ ಪ್ರಕಟವಾಯಿತು. ಯಕ್ಷಗಾನದಿಂದ ಅದರೊಳಗೆ ಗಣಪತಿ ಸ್ತುತಿ ಬಂತು, ತೆರೆ ಹಿಡಿದು ಪ್ರವೇಶಿಸುವ ಪಾತ್ರ ಬಂತು, ಭಾಗವತನೂ ಬಂದ. ನಿರ್ದೇಶಕ ಬಿ. ವಿ. ಕಾರಂತರ ಪ್ರಯೋಗದಿಂದ ಆ ರೀತಿಯೇ ಹವ್ಯಾಸಿ ನಾಟಕದವರ ಕಣ್ಣು ತೆರೆಸಿತು, ಅದರಲ್ಲಿ ತಕರಾರಿಲ್ಲ. ಆದರೆ ಈ ಭಾಗವತನ ಮಾತನ್ನು ನಾಟಕಕಾರ ಮೊದಲೇ ಬರೆದಿಟ್ಟಿದ್ದಾನೆ. ನಾಟಕದ ಪಾತ್ರ ದೇವದತ್ತ ಹೆಚ್ಚು ಮಾತಾಡಿದನೆಂದು ಈ ಭಾಗವತ ಹಾಡು ಎತ್ತುವ ಹಾಗಿಲ್ಲ. ಹೆಸರು ಘಟ್ಟ ಹತ್ತಿ ಬಂತು, ಅಧಿಕಾರ ಅಲ್ಲೇ ಉಳಿಯಿತು. ಆ ಅಧಿಕಾರ ಈಗ ಪ್ರೇಕ್ಷಕರಿಗೆ ಕಾಣದ ನಿರ್ದೇಶಕನ ಹತ್ತಿರ ಇದೆ. ಮೊದಲ ಪ್ರದರ್ಶನದ ಗಂಟೆ ಬಾರಿಸುವ ಹೊತ್ತಿಗೆ ಅವನ ಕೆಲಸವೂ ಬಹುಪಾಲು ಮುಗಿದಿರುತ್ತದೆ. ಆಮೇಲೆ ರಂಗದ ಮೇಲೆ ಏನಾದರೂ ತಪ್ಪಿದರೆ ಎತ್ತಿಕೊಳ್ಳುವವರು ಯಾರು? ನಿಮ್ಮ ನಾಟಕದ ಮಟ್ಟಿಗೆ ಇದನ್ನು ನಾಳೆಯ ತಾಲೀಮಿನಲ್ಲೇ ತೀರ್ಮಾನಿಸಿಕೊಳ್ಳಿ.