ಉಬ್ಬಸವಿಲ್ಲದ ದಿನಗಳ ಔಷಧ

ಎಲ್ಲರಿಗೂ ನಮಸ್ಕಾರ.

ಅಸ್ತಮಾ ಇರುವವರನ್ನು "ನಿಮಗೆ ಕಾಯಿಲೆ ಯಾವಾಗ ಇರುತ್ತದೆ?" ಎಂದು ಕೇಳಿದರೆ ಹೆಚ್ಚಿನವರ ಉತ್ತರ "ಉಬ್ಬಸ ಬಂದಾಗ" ಎಂದೇ. ಈ ಉತ್ತರ ತಪ್ಪು, ಮತ್ತು ಈ ತಪ್ಪಿನಿಂದಲೇ ಹಲವರು ಆಸ್ಪತ್ರೆ ಸೇರುತ್ತಾರೆ. ಉಸಿರಾಟ ಸಲೀಸಾಗಿರುವ ದಿನವೂ ಶ್ವಾಸನಾಳದ ಒಳಪೊರೆಯಲ್ಲಿ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ಇದ್ದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 26.2 ಕೋಟಿ ಜನರಿಗೆ ಅಸ್ತಮಾ ಇತ್ತು. ಆ ವರ್ಷ 4.55 ಲಕ್ಷ ಮಂದಿ ಅದರಿಂದ ತೀರಿಕೊಂಡರು. ಇವುಗಳಲ್ಲಿ ಬಹಳಷ್ಟು ಸಾವುಗಳನ್ನು ಈಗಿರುವ ಔಷಧಗಳಿಂದಲೇ ತಪ್ಪಿಸಬಹುದಿತ್ತು ಎಂಬುದು ಸಂಕಟದ ಮಾತು.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಗಾಳಿ ಹೋಗುವ ಕೊಳವೆಗಳು ಕೊಂಬೆ, ರೆಂಬೆಗಳ ಹಾಗೆ ಕವಲೊಡೆಯುತ್ತಾ ಸಣ್ಣದಾಗುತ್ತವೆ. ಪ್ರತಿ ಕೊಳವೆಯ ಒಳಗೆ ತೆಳುವಾದ ಪೊರೆ, ಸುತ್ತಲೂ ಸ್ನಾಯುವಿನ ಪಟ್ಟಿ. ಅಸ್ತಮಾದಲ್ಲಿ ಪೊರೆ ಊದಿಕೊಂಡಿರುತ್ತದೆ, ಅಂಟಂಟಾದ ಕಫ ಹೆಚ್ಚಾಗುತ್ತದೆ, ಮತ್ತು ಕೆರಳಿದ ಸ್ನಾಯು ಹೊಗೆ, ತಣ್ಣನೆ ಗಾಳಿಯಂಥ ಸಣ್ಣ ನೆಪಕ್ಕೂ ಬಿಗಿದುಕೊಳ್ಳುತ್ತದೆ. ಉಸಿರು ಬಿಡುವಾಗ ಈ ಕೊಳವೆಗಳು ಸಹಜವಾಗಿಯೇ ಇನ್ನಷ್ಟು ಕಿರಿದಾಗುವುದರಿಂದ ಸುಂಯ್ ಎಂಬ ಸದ್ದು ಹೆಚ್ಚಾಗಿ ಆಗಲೇ ಕೇಳುವುದು. "ಉಸಿರು ಎಳೆದುಕೊಳ್ಳಲು ಆಗುತ್ತಿಲ್ಲ" ಎಂದು ರೋಗಿಗೆ ಅನ್ನಿಸುತ್ತದೆ. ನಿಜದಲ್ಲಿ ಹಳೆಯ ಗಾಳಿ ಹೊರಹೋಗದೆ ಎದೆ ತುಂಬಿರುತ್ತದೆ, ಹೊಸದಕ್ಕೆ ಜಾಗವಿರುವುದಿಲ್ಲ.

ಸ್ನಾಯುವಿನ ಬಿಗಿತ ನಿಮಿಷಗಳಲ್ಲಿ ಸಡಿಲವಾಗಬಲ್ಲದು. ಪೊರೆಯ ಊತ ಇಳಿಯಲು ದಿನಗಳು, ವಾರಗಳು ಬೇಕು. ಎರಡು ಬಗೆಯ ಔಷಧಗಳಿರುವುದು ಇದಕ್ಕಾಗಿಯೇ. ಸಾಲ್ಬುಟಮಾಲ್ ಸ್ನಾಯುವನ್ನು ಮಾತ್ರ ಸಡಿಲಿಸುತ್ತದೆ. ಪರಿಣಾಮ 4ರಿಂದ 6 ಗಂಟೆ. ಬುಡೆಸೊನೈಡ್, ಬೆಕ್ಲೊಮೆಥಸೋನ್, ಫ್ಲುಟಿಕಸೋನ್‌ನಂಥ ಸೇದುವ ಸ್ಟೀರಾಯ್ಡ್‌ಗಳು ಊತವನ್ನು ಇಳಿಸುತ್ತವೆ. ಸಾಲ್ಬುಟಮಾಲ್ ತೆಗೆದುಕೊಂಡ ಕೂಡಲೇ ಹಾಯೆನಿಸುತ್ತದೆ, ಸ್ಟೀರಾಯ್ಡ್ ಸೇದಿದರೆ ಆ ಗಳಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಜನ ಮೊದಲನೆಯದನ್ನು ನಂಬಿ ಎರಡನೆಯದನ್ನು ಬಿಡುತ್ತಾರೆ. ಊತ ಬೆಳೆಯುತ್ತಲೇ ಇರುತ್ತದೆ, ಸಾಲ್ಬುಟಮಾಲ್ ಅದನ್ನು ಮರೆಮಾಚುತ್ತಿರುತ್ತದೆ. ಒಂದು ದಿನ ಪಫ್ ಮೇಲೆ ಪಫ್ ತೆಗೆದುಕೊಂಡರೂ ದಾರಿ ತೆರೆಯುವುದಿಲ್ಲ, ಏಕೆಂದರೆ ಅಂದು ದಾರಿಯನ್ನು ಮುಚ್ಚಿರುವುದು ಊತ ಮತ್ತು ಕಫ.

200 ಪಫ್‌ನ ಸಾಲ್ಬುಟಮಾಲ್ ಕ್ಯಾನಿಸ್ಟರ್, ಅಂದರೆ ಇನ್ಹೇಲರಿನ ಔಷಧದ ಡಬ್ಬಿ, ವರ್ಷಕ್ಕೆ 3 ಅಥವಾ ಹೆಚ್ಚು ಖಾಲಿಯಾದರೆ ತೀವ್ರ ಉಬ್ಬಸದ ಅಪಾಯ ಹೆಚ್ಚು. 12 ಅಥವಾ ಹೆಚ್ಚಾದರೆ ಸಾವಿನ ಅಪಾಯವೇ ಹೆಚ್ಚು. 2019ರಲ್ಲಿ ಅಸ್ತಮಾ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ 'ಜಿನಾ', ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡುವ ಪದ್ಧತಿಯನ್ನು ಕೈಬಿಟ್ಟಿತು. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಕೂಡಿದ ಒಂದೇ ಇನ್ಹೇಲರನ್ನು ಬೇಕೆನಿಸಿದಾಗ ಸೇದುವುದು ಈಗ ಮೊದಲ ಆಯ್ಕೆ. ಫಾರ್ಮೊಟೆರಾಲ್ ಕೂಡ ಸ್ನಾಯುವನ್ನು ಬೇಗ ಸಡಿಲಿಸುತ್ತದೆ, ಜೊತೆಗೆ ಪ್ರತಿ ಬಾರಿಯೂ ಸ್ಟೀರಾಯ್ಡ್ ಒಳಗೆ ಹೋಗುತ್ತದೆ. ಆದರೆ ಅದೇ ಬಗೆಯ ಸಾಲ್ಮೆಟೆರಾಲ್ ಸೇರಿದ ಇನ್ಹೇಲರನ್ನು ಹೀಗೆ ತುರ್ತಿಗೆ ಬಳಸಬಾರದು. ಅದರ ಕೆಲಸ ನಿಧಾನ. ಬಣ್ಣ ನೋಡಿ ಗುರುತಿಸಬೇಡಿ, ಔಷಧದ ಹೆಸರು ಓದಿ.

ಸ್ಟೀರಾಯ್ಡ್ ಎಂದರೆ ಭಯ. ಲೆಕ್ಕ ಹಾಕಿ ನೋಡೋಣ. ತೀವ್ರ ಉಬ್ಬಸಕ್ಕೆ ವಯಸ್ಕರಿಗೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ, 5ರಿಂದ 7 ದಿನ. ಬುಡೆಸೊನೈಡ್‌ನ ಒಂದು ಸಾಮಾನ್ಯ ಪಫ್ 200 ಮೈಕ್ರೋಗ್ರಾಂ. ಎರಡು ಔಷಧಗಳ ಶಕ್ತಿ ಒಂದೇ ಅಲ್ಲ, ನಿಜ. ಆದರೂ ತೂಕದಲ್ಲಿ ಇನ್ನೂರು ಪಟ್ಟು ಅಂತರವಿದೆ, ಮೇಲಾಗಿ ಮಾತ್ರೆ ಇಡೀ ಮೈಗೆ ಹೋಗುತ್ತದೆ. ಪಫ್‌ಗೆ ಹೆದರಿ ಮತ್ತೆ ಮತ್ತೆ ಮಾತ್ರೆಯ ಪಾಲಾಗುವವರಿಗೇ ಮೂಳೆ ಸವೆತ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆಯ ಅಪಾಯ ಹೆಚ್ಚು. ಮಕ್ಕಳಲ್ಲಿ ಸೇದುವ ಸ್ಟೀರಾಯ್ಡ್‌ನಿಂದ ಮೊದಲ ಒಂದೆರಡು ವರ್ಷ ಎತ್ತರದಲ್ಲಿ ಸುಮಾರು 1 ಸೆಂಟಿಮೀಟರ್ ಕಡಿಮೆಯಾಗಬಹುದು. ಆ ಅಂತರ ವರ್ಷವರ್ಷವೂ ಬೆಳೆಯುತ್ತ ಹೋಗುವುದಿಲ್ಲ. ಗರ್ಭಿಣಿಯರು ಇನ್ಹೇಲರ್ ನಿಲ್ಲಿಸಬಾರದು. ಮಗುವಿಗೆ ಹೆಚ್ಚಿನ ಅಪಾಯ ತಾಯಿಯ ಉಬ್ಬಸದಿಂದ.

ಇನ್ನು ಸೇದುವ ವಿಧಾನ. ಇಲ್ಲಿ ತುಸು ಹೊತ್ತು ನಿಲ್ಲೋಣ. "ಔಷಧ ಹಿಡಿಸುತ್ತಿಲ್ಲ" ಎಂಬ ದೂರು ಬಂದಾಗ ಡೋಸ್ ಏರಿಸುವ ಮೊದಲು ನೋಡಬೇಕಾದದ್ದು ಇದನ್ನೇ.

ಪಫ್ ಒತ್ತುವ ಇನ್ಹೇಲರನ್ನು ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ. ಹೊಸದಾದರೆ ಅಥವಾ ಬಹಳ ದಿನ ಬಳಸದಿದ್ದರೆ ಮೊದಲ ಕೆಲವು ಪಫ್‌ಗಳನ್ನು ಗಾಳಿಗೆ ಬಿಡಿ. ಪೂರ್ತಿ ಉಸಿರು ಹೊರಬಿಟ್ಟು, ಇನ್ಹೇಲರಿನ ಬಾಯಿಯ ಸುತ್ತ ತುಟಿಗಳನ್ನು ಬಿಗಿಯಾಗಿ ಮುಚ್ಚಿ. ಉಸಿರು ಎಳೆಯಲು ತೊಡಗಿದ ಕ್ಷಣದಲ್ಲೇ ಒಮ್ಮೆ ಒತ್ತಿ, 3ರಿಂದ 5 ಸೆಕೆಂಡ್ ನಿಧಾನವಾಗಿ ಎಳೆಯುತ್ತಲೇ ಇರಿ. 10 ಸೆಕೆಂಡ್ ಉಸಿರು ಹಿಡಿಯಿರಿ. ಎರಡನೆಯ ಪಫ್‌ಗೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ. ರಭಸದಿಂದ ಎಳೆದರೆ ಔಷಧ ಗಂಟಲಿನ ಹಿಂಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ಒತ್ತುವುದೂ ಎಳೆಯುವುದೂ ಹೊಂದದಿದ್ದರೆ ಸ್ಪೇಸರ್, ಅಂದರೆ ಇನ್ಹೇಲರ್‌ಗೆ ಸಿಕ್ಕಿಸುವ ಟೊಳ್ಳು ಕೊಳವೆ, ಬೇಕು. ಮಕ್ಕಳಿಗಂತೂ ಬೇಕೇ ಬೇಕು. ಸ್ಪೇಸರ್‌ಗೆ ಒಂದು ಸಲಕ್ಕೆ ಒಂದೇ ಪಫ್. ಎರಡು ಒಟ್ಟಿಗೆ ಬಿಟ್ಟರೆ ಹನಿಗಳು ಒಂದಕ್ಕೊಂದು ಅಂಟಿ ಗೋಡೆಗೆ ಕೂರುತ್ತವೆ.

ಪುಡಿಯ ಇನ್ಹೇಲರ್‌ಗೆ ಇದರ ತದ್ವಿರುದ್ಧ ನಿಯಮ. ಪುಡಿಯನ್ನು ಒಡೆದು ಹಾರಿಸುವುದು ನಿಮ್ಮ ಉಸಿರಿನ ಬಲವೇ, ಆದ್ದರಿಂದ ಆರಂಭದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಅದರೊಳಗೆ ಊದಬಾರದು, ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಕ್ಯಾಪ್ಸೂಲ್ ಹಾಕುವ ಬಗೆಯಾದರೆ ಕೊನೆಗೆ ತೆರೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಸ್ಟೀರಾಯ್ಡ್ ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲವಾದರೆ ಬಾಯಲ್ಲಿ ಬಿಳಿ ಅಗ್ರ (ಬೂಷ್ಟಿನ ಸೋಂಕು), ಗೊಗ್ಗರು ದನಿ ಬರಬಹುದು.

ಕೆರಳಿಸುವ ಸಂಗತಿಗಳು ಎಲ್ಲರಿಗೂ ಒಂದೇ ಅಲ್ಲ. ವೈರಸ್ ನೆಗಡಿ, ಹಾಸಿಗೆಯ ಧೂಳುನುಸಿ, ಪರಾಗ, ಜಿರಲೆ, ಬೂಷ್ಟು, ಹೊಗೆ, ವ್ಯಾಯಾಮ, ಹೀಗೆ ಪಟ್ಟಿ ಉದ್ದವಿದೆ. ಸಿಕ್ಕಿದ್ದನ್ನೆಲ್ಲ ಪಥ್ಯ ಮಾಡುವುದಕ್ಕಿಂತ ನಿಮಗೆ ಯಾವುದು ಎಂದು ಬರೆದಿಟ್ಟು ಗುರುತಿಸುವುದು ಮೇಲು. ಹೊಗೆ ಮಾತ್ರ ಯಾರಿಗೂ ಸಲ್ಲದು. ಧೂಮಪಾನಿಗಳಲ್ಲಿ ಸೇದುವ ಸ್ಟೀರಾಯ್ಡ್‌ನ ಪರಿಣಾಮವೂ ಕುಗ್ಗುತ್ತದೆ. ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಆಗಿಬರುವುದಿಲ್ಲ. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಉಬ್ಬಸ ತರಬಲ್ಲದು. ಕಣ್ಣಿನ ವೈದ್ಯರ ಬಳಿ ಅಸ್ತಮಾದ ಮಾತೆತ್ತಲು ಯಾರಿಗೂ ನೆನಪಾಗುವುದಿಲ್ಲ, ದಯವಿಟ್ಟು ಹೇಳಿ.

ಹತೋಟಿಯಲ್ಲಿದೆಯೇ ಎಂದು ತಿಳಿಯಲು ಕಳೆದ 4 ವಾರಗಳನ್ನು ನೆನಪಿಸಿಕೊಳ್ಳಿ. ಹಗಲಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ತೊಂದರೆಯಾಯಿತೇ? ರಾತ್ರಿ ಒಮ್ಮೆಯಾದರೂ ಕೆಮ್ಮು, ದಮ್ಮಿನಿಂದ ಎಚ್ಚರವಾಯಿತೇ? ಸಾಲ್ಬುಟಮಾಲ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ಮೆಟ್ಟಿಲು, ಆಟ, ಕೆಲಸ ಯಾವುದನ್ನಾದರೂ ಬಿಟ್ಟಿರಾ? ಒಂದಕ್ಕೆ ಹೌದು ಎಂದರೂ ಹತೋಟಿ ಪೂರ್ತಿಯಾಗಿಲ್ಲ. ಉಸಿರು ಹೊರಬಿಡುವ ವೇಗವನ್ನು ಅಳೆಯುವ ಪೀಕ್ ಫ್ಲೋ ಮೀಟರ್ ಇದ್ದರೆ ಮುಳ್ಳನ್ನು ಸೊನ್ನೆಗೆ ತಂದು, ನಿಂತು, ಮೂರು ಸಲ ಊದಿ ಹೆಚ್ಚಿನದನ್ನು ಬರೆದುಕೊಳ್ಳಿ. ಆರೋಗ್ಯವಾಗಿದ್ದಾಗಿನ ನಿಮ್ಮದೇ ಅತ್ಯುತ್ತಮ ಅಂಕಿಯ ಶೇ. 80ಕ್ಕಿಂತ ಕೆಳಗಿಳಿದರೆ ಎಚ್ಚರ, ಶೇ. 50ಕ್ಕಿಂತ ಕೆಳಗಾದರೆ ತುರ್ತು. ಮೂರು ತಿಂಗಳು ಎಲ್ಲ ಸರಿಯಿದ್ದರೆ ವೈದ್ಯರು ಡೋಸ್ ಇಳಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ.

ತೀವ್ರ ಉಬ್ಬಸ ಬಂದರೆ ಮಲಗಿಸಬೇಡಿ, ನೇರವಾಗಿ ಕೂರಿಸಿ. ಸ್ಪೇಸರ್ ಮೂಲಕ ಸಾಲ್ಬುಟಮಾಲ್ 4 ಪಫ್, ಒಂದೊಂದಾಗಿ, ಪ್ರತಿ ಪಫ್‌ಗೆ 4 ಉಸಿರು. 4 ನಿಮಿಷ ಕಾಯಿರಿ. ಇಳಿಯದಿದ್ದರೆ ಆಂಬ್ಯುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೂ ಇದೇ ಕ್ರಮ ಮುಂದುವರಿಸಿ. ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ಕಾಯುವ ಮಾತೇ ಇಲ್ಲ, ಮೊದಲು ಕರೆ ಮಾಡಿ. ಬಹಳ ಬಳಲಿದ ರೋಗಿಯ ಎದೆಯ ಸುಂಯ್ ಸದ್ದು ತಟ್ಟನೆ ನಿಂತರೆ ಗುಣವಾಯಿತೆಂದು ಸಮಾಧಾನಪಡಬೇಡಿ. ಸದ್ದು ಮಾಡಲು ಬೇಕಾದಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂದು ಅದರ ಅರ್ಥ. ಬೆರಳಿನ ಆಕ್ಸಿಜನ್ ಮೀಟರ್ ಶುರುವಿನಲ್ಲಿ ಸರಿಯಾದ ಅಂಕಿಯನ್ನೇ ತೋರಿಸಬಹುದು. ಮನುಷ್ಯನ ಮುಖ ನೋಡಿ.

ಇಷ್ಟನ್ನೂ ವೈದ್ಯರಿಂದ ಒಂದು ಹಾಳೆಯಲ್ಲಿ ಬರೆಸಿಕೊಂಡು ಮನೆಯವರೆಲ್ಲರ ಕಣ್ಣಿಗೆ ಬೀಳುವಲ್ಲಿ ಅಂಟಿಸಿ.

ಈಗ ಇನ್ಹೇಲರ್ ತಂದಿರುವವರು ಹೊರತೆಗೆಯಿರಿ. ಕ್ಯಾನಿಸ್ಟರನ್ನು ನೀರಲ್ಲಿ ತೇಲಿಸಿ ನೋಡುವುದು, ಕುಲುಕಿ ಅಂದಾಜು ಮಾಡುವುದು ಬೇಡ. ಔಷಧ ಮುಗಿದ ಮೇಲೂ ಒಳಗಿನ ಅನಿಲ ಹೊರಬರುತ್ತಿರುತ್ತದೆ. ಹಿಂದೆ ಕೌಂಟರ್ ಇದ್ದರೆ ಅಂಕಿ ಓದಿ. ಇಲ್ಲದಿದ್ದರೆ ಶುರುಮಾಡಿದ ದಿನಾಂಕವನ್ನು ಅದರ ಮೇಲೆ ಬರೆಯಿರಿ. ಒಬ್ಬೊಬ್ಬರಾಗಿ ಮುಂದೆ ಬನ್ನಿ, ಸೇದಿ ತೋರಿಸಿ. ಎಲ್ಲಿ ತಪ್ಪುತ್ತಿದೆ ನೋಡೋಣ.