ಹಳೆ ಕಪಾಟಿಗೆ ಕಡುಬಣ್ಣ

ಕೇಳುಗರಿಗೆ ನಮಸ್ಕಾರ. ಮಲಗುವ ಕೋಣೆಯ ಹಳೆ ಮಂಚ, ಕಪಾಟಿಗೆ ಕರಿ ಅಥವಾ ಕಡುಗಂದು ಬಣ್ಣ ಹಚ್ಚಿದರೆ ಗೀರು, ಕಲೆ ಎಲ್ಲ ಮುಚ್ಚಿಹೋಗುತ್ತವೆ ಎಂಬ ನಂಬಿಕೆ ಬಹಳ ಮಂದಿಗಿದೆ. ಆಗುವುದು ಉಲ್ಟಾ. ತಿಳಿ ಬಣ್ಣದಲ್ಲಿ ಕಣ್ಣಿಗೆ ಬೀಳದ ತಗ್ಗು, ಬ್ರಶ್ಶಿನ ಗೆರೆ, ಧೂಳಿನ ಕಣ ಹೊಳೆಯುವ ಕಪ್ಪಿನ ಮೇಲೆ ಎದ್ದು ಕಾಣುತ್ತವೆ.

ಮೊದಲು ಹಿಡಿಕೆ, ಕೀಲು ಬಿಚ್ಚಿ ತೆಗೆಯಿರಿ. ಬಿಡಿ, ಸುತ್ತಲೂ ಹುಷಾರಾಗಿ ಹಚ್ಚುತ್ತೇವೆ ಎನ್ನುವವರ ಕೀಲುಗಳು ಬಣ್ಣ ಕುಡಿದು ಬಿಗಿದುಕೊಳ್ಳುತ್ತವೆ. ಕಟ್ಟಿಗೆಯಿಂದ ಕುಟ್ಟೆಯ ಪುಡಿ ಇನ್ನೂ ಉದುರುತ್ತಿದ್ದರೆ ಹುಳುವಿನ ಔಷಧಿ ಹಾಕದೆ ಮುಂದೆ ಹೋಗಬೇಡಿ.

ಹಳೆ ಪಾಲಿಶ್ ಯಾವುದೆಂದು ತಿಳಿಯಲು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಮರೆಯಾದ ಮೂಲೆಯಲ್ಲಿ ಉಜ್ಜಿ. ಅಂಟಂಟಾಗಿ ಕರಗಿ ಬಂದರೆ ಅದು ಅರಗಿನ ಪಾಲಿಶ್. ಸ್ಪಿರಿಟ್ಟಿನಿಂದಲೇ ಒರೆಸಿ ತೆಗೆಯಿರಿ. ಅದರ ಮೇಣದಂಶ ಉಳಿದರೆ ಹೊಸ ಬಣ್ಣ ಕಚ್ಚುವುದಿಲ್ಲ. ಕರಗದಿದ್ದರೆ 120 ನಂಬರಿನ ಉಪ್ಪುಕಾಗದದಿಂದ, ನಂತರ 180ರಿಂದ, ಕಟ್ಟಿಗೆಯ ಎಳೆಯ ಉದ್ದಕ್ಕೆ ತಿಕ್ಕಿ. ಅಡ್ಡ ತಿಕ್ಕಿದ ಗೀರು ಕಪ್ಪಿನಡಿಯಿಂದಲೂ ಇಣುಕುತ್ತದೆ. ಪ್ಲೈವುಡ್ಡಿನ ತೆಳು ಪದರ ಹರಿಯದಂತೆ ಕೈ ಹಗುರವಿರಲಿ. ಈಗಾಗಲೇ ಹಳೆ ಬಣ್ಣವಿದ್ದರೆ ಒಣದಾಗಿ ತಿಕ್ಕಬೇಡಿ: ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಕ್ಕಳಿಗೆ ವಿಷವಾಗಬಹುದು. ನೀರಲ್ಲಿ ಬಳಸುವ ಉಪ್ಪುಕಾಗದ, ಅಂದರೆ ವಾಟರ್ ಪೇಪರ್ ತೋಯಿಸಿ ತಿಕ್ಕಿ, ರಾಡಿಯನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ತೇಗದ ಕಟ್ಟಿಗೆಯಲ್ಲಿ ಸಹಜವಾಗಿ ಎಣ್ಣೆ ಇರುತ್ತದೆ; ತಳಬಣ್ಣವಾದ ಪ್ರೈಮರ್‌ಗೆ ಮುಂಚೆ ಥಿನ್ನರ್ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಬೇಕು.

ಪ್ರೈಮರ್ ಬಿಳಿಯದು ಬೇಡ. ಅಂಗಡಿಯಲ್ಲೇ ಕಪ್ಪು ಸ್ಟೇನರ್ (ಬಣ್ಣ ಕೊಡುವ ದ್ರವ) ಬೆರೆಸಿ ಬೂದು ಬಣ್ಣ ಮಾಡಿಸಿ. ಮುಂದೆ ಎಲ್ಲಿಯಾದರೂ ಚಕ್ಕೆ ಎದ್ದರೆ ಬಿಳಿ ಚುಕ್ಕೆ ಕಾಣುವುದಿಲ್ಲ. ತಗ್ಗುಗಳಿಗೆ ಪುಟ್ಟಿ ತುಂಬಿ, 320ರಿಂದ ನಯ ಮಾಡಿ, ಆ ಜಾಗಕ್ಕೆ ಮತ್ತೊಮ್ಮೆ ಪ್ರೈಮರ್ ತೋರಿಸಿ. ಬಿಟ್ಟರೆ ಪುಟ್ಟಿ ಬಣ್ಣ ಹೀರಿ ಮಂಕು ತೇಪೆಯಾಗಿ ಉಳಿಯುತ್ತದೆ.

ಲೆಕ್ಕ ಹೀಗಿದೆ. ಆರು ಅಡಿ ಎತ್ತರ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಆಳದ ಕಪಾಟಿನ ಮುಂಭಾಗ, ಎರಡು ಪಕ್ಕ, ಮೇಲ್ಭಾಗ ಸೇರಿ 48 ಚದರಡಿ. ಮಂಚವೂ ಸೇರಿದರೆ ಸುಮಾರು 100. ಲೀಟರ್ ಎನಾಮೆಲ್ (ಎಣ್ಣೆ ಬಣ್ಣ) ಒಂದು ಕೈಗೆ, ಅಂದರೆ ಒಂದು ಸಲದ ಲೇಪಕ್ಕೆ, ಅಷ್ಟೇ ಜಾಗ ಮುಚ್ಚುತ್ತದೆ. ಎರಡು ಕೈಗೆ ಎರಡು ಲೀಟರ್, ಜೊತೆಗೆ ಒಂದು ಲೀಟರ್ ಪ್ರೈಮರ್. ಥಳಥಳ ಹೊಳೆಯುವ ಗ್ಲಾಸ್ ಮೆರುಗಿಗಿಂತ ಮಂದವಾದ ಸ್ಯಾಟಿನ್ ಮೆರುಗು ಮೇಲು, ಓರೆಕೋರೆ ಅಷ್ಟು ಎತ್ತಿ ತೋರಿಸುವುದಿಲ್ಲ. ಬೀದರಿನ ಬಿದರಿ ಕೆಲಸದಲ್ಲಿ ಮಂದ ಕಪ್ಪಿನ ಮೇಲೆ ಬೆಳ್ಳಿ ಹೇಗೆ ಏಳುತ್ತದೋ, ಹಿತ್ತಾಳೆ ಹಿಡಿಕೆಯೂ ಹಾಗೆ ಏಳುತ್ತದೆ.

ಇನ್ನು ನಮ್ಮ ಕಲಬುರಗಿಯ ಹವೆ. ಮೇ ತಿಂಗಳ ಬಿಸಿಲಲ್ಲಿ ಬಣ್ಣ ಬ್ರಶ್ಶಿನಲ್ಲೇ ಗಟ್ಟಿಯಾಗುತ್ತದೆ, ಒಂದು ಪಟ್ಟೆ ಇನ್ನೊಂದರೊಡನೆ ಕೂಡುವುದಿಲ್ಲ. ಆಗ ಟರ್ಪೆಂಟೈನ್ ಸುರಿಯುವುದು ರೂಢಿ. ಹತ್ತನೇ ಒಂದು ಪಾಲು ಮೀರಿದರೆ ಬಣ್ಣ ಸೋರುತ್ತದೆ. ದಪ್ಪ ಹಚ್ಚಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿದು ಸುಕ್ಕು ಬೀಳುತ್ತದೆ. ಆಷಾಢದ ಗಾಳಿಯಲ್ಲಿ ಎರೆಮಣ್ಣಿನ ಧೂಳು ತಪ್ಪದು. ನವೆಂಬರ್‌ನಿಂದ ಫೆಬ್ರವರಿಯ ಮುಂಜಾನೆಗಳು ಉತ್ತಮ. ಬೇಸಿಗೆಯಲ್ಲೇ ಆಗಬೇಕೆಂದರೆ ಹತ್ತು ಗಂಟೆಯೊಳಗೆ ಮುಗಿಸಿ. ಶಹಾಬಾದಿ ಪರಸಿಯ ನೆಲದ ಮೇಲೆ ನೀರು ಚಿಮುಕಿಸಿ ಧೂಳು ಕೂತ ಮೇಲೆ, ಫ್ಯಾನ್ ಆರಿಸಿ ಶುರುಮಾಡಿ.

ಎರಡು ಕೈಗಳ ನಡುವೆ ಒಂದು ರಾತ್ರಿ ಕಳೆಯಲಿ. ಡ್ರಾಯರಿನ ಪಕ್ಕ, ಹಳಿಗೆ ಬಣ್ಣ ಬೇಡ, ಮೇಣದಬತ್ತಿ ಉಜ್ಜಿದರೆ ಸಾಕು. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ವಾರ ಬೇಕು. ಅಲ್ಲಿಯವರೆಗೆ ಗಾದಿ ಹಾಕಬೇಡಿ, ಕಪಾಟಿನ ಬಾಗಿಲು ಒತ್ತಿ ಮುಚ್ಚಬೇಡಿ, ಅಂಟಿಕೊಂಡು ಕಿತ್ತುಬರುತ್ತದೆ. ಎನಾಮೆಲ್ ಒರೆಸಿದ ಬಟ್ಟೆಗಳನ್ನು ಉಂಡೆಮಾಡಿ ಮೂಲೆಗೆ ಎಸೆದರೆ ತಾವೇ ಕಾದು ಹೊತ್ತಿಕೊಳ್ಳಬಹುದು. ಅವನ್ನು ಹೊರಗೆ ನೆರಳಲ್ಲಿ ಬಿಡಿಬಿಡಿಯಾಗಿ ಹರವಿ ಒಣಗಿಸಿ.